ಬಿಸಿಲೂರಿನ ಮನೆಗಳಲ್ಲಿ ಬೆಕ್ಕಿನ ಲಿಟರ್ ಟ್ರೇ: ಆಯ್ಕೆಯಿಂದ ಕಲೆ ತೆಗೆಯುವವರೆಗೆ

ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ದಿತು ಅಂದರೆ ಮನೆಯಲ್ಲಿ ಮೊದಲು ಬರೋ ಮಾತು, "ಬೇಕಂತಲೇ ಮಾಡಿದೆ ನೋಡು" ಅಂತ. ಬೆಕ್ಕಿಗೆ ಹಾಗೆ ಸೇಡು ತೀರಿಸಿಕೊಳ್ಳೋ ಬುದ್ಧಿ ಇಲ್ಲ. ಅದು ಉಚ್ಚೆ, ಕಕ್ಕ ಮಾಡಲು ಮರಳಿನಂಥದ್ದು (ಅದೇ ಲಿಟರ್) ತುಂಬಿ ಇಡುವ ಟ್ರೇ ಸರಿ ಇರಲ್ಲ, ಇಲ್ಲಾ ಅದರ ಮೈ ಸರಿ ಇರಲ್ಲ, ಇಲ್ಲಾ ಮನೆಯಲ್ಲಿ ಏನೋ ಬದಲಾಗಿರುತ್ತದೆ. ಕಾರಣ ಸಿಕ್ಕರೆ ಬಹುಪಾಲು ಸಲ ಸರಿಮಾಡಬಹುದು. ಬೈದು, ಹೊಡೆದು, ಕೊನೆಗೆ ಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬರುವವರನ್ನು ನೋಡಿದಾಗ ತುಂಬಾ ಸಂಕಟ ಆಗುತ್ತದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಮನೆಗಳಿಗೆ ನಮ್ಮದೇ ತೊಡಕುಗಳಿವೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲು, ಎಷ್ಟೋ ಬಡಾವಣೆಗಳಲ್ಲಿ ದಿನಾ ಬಾರದ ನಳದ ನೀರು, ಬೆಕ್ಕಿನ ಸಾಮಾನು ಇಡುವ ಅಂಗಡಿಗಳೂ ಕಡಿಮೆ. ಹಾಗಾಗಿ ಎಸಿ ರೂಮಿನ ಲೆಕ್ಕ ಬಿಟ್ಟು ನಮ್ಮ ಮನೆಗಳ ಲೆಕ್ಕದಲ್ಲೇ ಹೇಳುತ್ತೇನೆ.

ಒಂದು ಮಾತು ಮೊದಲೇ ತಿಳಿದಿರಲಿ. ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣಭೂಮಿಯ ಕಾಡುಬೆಕ್ಕು. ಕಡಿಮೆ ನೀರಲ್ಲಿ ಬದುಕುವ ಮೈ ಅದರದು, ಅದಕ್ಕೇ ಉಚ್ಚೆ ತುಂಬಾ ಗಾಢ. ಹೊಯ್ದ ಮೇಲೆ ಬ್ಯಾಕ್ಟೀರಿಯಾ ಅದರಲ್ಲಿರುವ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ. ಸೆಕೆ ಹೆಚ್ಚಿದ್ದಷ್ಟೂ ಈ ಕೆಲಸ ಬೇಗ. ಬೆಂಗಳೂರಿನ ಮನೆಯಲ್ಲಿ ಮಾರನೇ ದಿನ ಬರುವ ವಾಸನೆ ರಾಯಚೂರಿನ ಮೇ ತಿಂಗಳಲ್ಲಿ ಸಂಜೆಗೇ ಬಂದುಬಿಡುತ್ತದೆ.

ಟ್ರೇ ಎಷ್ಟು, ಎಂಥದ್ದು

ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಜಾಸ್ತಿ ಇರಬೇಕು. ಒಂದು ಬೆಕ್ಕಿಗೆ ಎರಡು, ಎರಡು ಬೆಕ್ಕಿಗೆ ಮೂರು. ಕೇಳಿದರೆ ಅತಿ ಅನ್ನಿಸಬಹುದು, ಆದರೆ ಎಷ್ಟೋ ಬೆಕ್ಕುಗಳು ಉಚ್ಚೆಗೆ ಒಂದು ಜಾಗ, ಕಕ್ಕಕ್ಕೆ ಇನ್ನೊಂದು ಜಾಗ ಬೇಕು ಅನ್ನುತ್ತವೆ. ಎರಡು ಟ್ರೇಗಳನ್ನು ಒಂದಕ್ಕೊಂದು ಅಂಟಿಸಿ ಇಟ್ಟರೆ ಬೆಕ್ಕಿನ ಪಾಲಿಗೆ ಅದು ಒಂದೇ ಟ್ರೇ. ಬೇರೆ ಬೇರೆ ಕೋಣೆಯಲ್ಲಿಡಿ.

ಅಂಗಡಿಯಲ್ಲಿ ಲಿಟರ್ ಟ್ರೇ ಅಂತ ಮಾರುವ ಬಹುಪಾಲು ಟ್ರೇಗಳು ದೊಡ್ಡ ಬೆಕ್ಕಿಗೆ ಸಣ್ಣವು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದ ಬೇಕು, ಒಳಗೆ ನಿಂತು ಆರಾಮಾಗಿ ತಿರುಗಲು ಬರಬೇಕು. ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಹೋಗಿ ಬಟ್ಟೆ ಇಡುವ ದೊಡ್ಡ ಡಬ್ಬಿ ತನ್ನಿ, ಮುಚ್ಚಳ ಬೇಡ. ಒಂದು ಬದಿಯನ್ನು ಬೆಕ್ಕು ಹತ್ತುವಷ್ಟು ಎತ್ತರ ಬಿಟ್ಟು ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿ. ಮೂರು ಬದಿ ಎತ್ತರ ಇರೋದರಿಂದ ಮರಳು ಚೆಲ್ಲಲ್ಲ. ಗಾರೆ ಕಲಸುವ ಅಗಲದ ಪ್ಲಾಸ್ಟಿಕ್ ಪುಟ್ಟಿಯೂ ನಡೆಯುತ್ತದೆ, ಹೊಸದಾಗಿದ್ದರೆ. ಮರಿಗಳಿಗೂ ಕೀಲು ನೋವಿರುವ ಮುದಿ ಬೆಕ್ಕಿಗೂ ಅಂಚು ತೀರಾ ತಗ್ಗಿರಬೇಕು.

ಮುಚ್ಚಳದ ಟ್ರೇ ಬಗ್ಗೆ ನನ್ನ ಅಭಿಪ್ರಾಯ: ಈ ಕಡೆಗೆ ಬೇಡ. ವಾಸನೆ ನಮ್ಮ ಮೂಗಿಗೆ ಕಡಿಮೆ ಬರಬಹುದು, ಆದರೆ ಅಷ್ಟೂ ಅಮೋನಿಯಾ ಒಳಗೇ ನಿಂತು ಬೆಕ್ಕಿನ ಮೂಗಿಗೆ ಹೊಡೆಯುತ್ತದೆ. ಕಣ್ಣಿಗೆ ಕಾಣಲ್ಲವಾದ್ದರಿಂದ ನಾವೂ ಸೋಸೋದನ್ನು, ಅಂದರೆ ಉಚ್ಚೆ, ಕಕ್ಕ ಎತ್ತಿ ತೆಗೆಯೋದನ್ನು, ಮರೆಯುತ್ತೇವೆ.

ಎಲ್ಲಿಡಬೇಕು

ಇಲ್ಲೇ ಹೆಚ್ಚಿನ ಮನೆಗಳು ಎಡವುವುದು. ಸುಮ್ನೆ ಬಚ್ಚಲಿಗೆ ತಳ್ಳಿಬಿಡುತ್ತಾರೆ. ಬಚ್ಚಲ ನೆಲ ಯಾವಾಗಲೂ ಒದ್ದೆ, ಸ್ನಾನ ಮಾಡಿದರೆ ನೀರು ಸಿಡಿದು ಲಿಟರ್ ಕೆಸರಾಗುತ್ತದೆ, ಬೆಳಿಗ್ಗೆ ಒಬ್ಬರಾದ ಮೇಲೆ ಒಬ್ಬರು ಚಿಲಕ ಹಾಕಿಕೊಂಡರೆ ಬೆಕ್ಕು ಹೊರಗೆ ಕಾಯುತ್ತಾ ಕೂರಬೇಕು. ಕಾದು ಕಾದು ಪಡಸಾಲೆಯ ಮೂಲೆ ಹುಡುಕಿಕೊಳ್ಳುತ್ತದೆ. ಅದರ ತಪ್ಪೇನಿದೆ ಹೇಳಿ?

ಇನ್ನು ಕೆಲವರು ಮಾಳಿಗೆ ಮೇಲೆ ಇಡುತ್ತಾರೆ. ಚಳಿಗಾಲಕ್ಕೆ ಪರವಾಗಿಲ್ಲ. ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮರಳಿನ ಮೇಲೆ ನೀವೇ ಅಂಗೈ ಇಟ್ಟು ನೋಡಿ. ಕೈ ಹಿಂದೆ ಎಳೆಯುವ ಹಾಗಿದ್ದರೆ ಬೆಕ್ಕಿನ ಅಂಗಾಲಿಗೂ ಅದೇ ಬಿಸಿ. ತಗಡಿನ ಶೆಡ್ಡೂ ಹಾಗೇ.

ನೆರಳಿರುವ, ಗಾಳಿಯಾಡುವ, ಸದ್ದಿಲ್ಲದ, ಹಗಲು ರಾತ್ರಿ ಬಾಗಿಲು ತೆರೆದಿರುವ ಜಾಗ ಬೇಕು. ಮೆಟ್ಟಿಲ ಕೆಳಗಿನ ಜಾಗ, ಹಿತ್ತಲ ಬಾಗಿಲ ಪಕ್ಕ, ನೆರಳಿರುವ ವರಾಂಡದ ಮೂಲೆ, ಇವು ಒಳ್ಳೆಯವು. ವಾಷಿಂಗ್ ಮೆಷಿನ್ ಅಥವಾ ಸಂಪಿನ ಮೋಟಾರಿನ ಪಕ್ಕ ಬೇಡ. ಬೆಕ್ಕು ಕೂತಾಗಲೇ ಒಮ್ಮೆ ಮೋಟಾರ್ ಗುರ್‌ ಅಂದರೆ ಸಾಕು, ಆ ಜಾಗದ ಮೇಲೆ ಭಯ ಕೂತುಬಿಡುತ್ತದೆ. ಊಟದ ಬಟ್ಟಲು, ನೀರಿನ ಬಟ್ಟಲು ದೂರ ಇರಲಿ. ಅಡುಗೆಮನೆ, ದೇವರ ಮನೆ ಹತ್ತಿರ ಇಟ್ಟರೆ ಮನೆಯ ಹಿರಿಯರು ಮೈಲಿಗೆ ಅಂತ ಬೇಸರ ಮಾಡಿಕೊಳ್ಳುತ್ತಾರೆ, ಆಮೇಲೆ ಟ್ರೇ ವಾರಕ್ಕೊಂದು ಮೂಲೆಗೆ ತಿರುಗುತ್ತದೆ. ಅದಕ್ಕಿಂತ ಮೊದಲೇ ಎಲ್ಲರೂ ಕೂತು ಒಂದು ಜಾಗ ಒಪ್ಪಿಕೊಳ್ಳಿ, ಆಮೇಲೆ ಅದನ್ನು ಅಲ್ಲಾಡಿಸಬೇಡಿ.

ಎರಡು ಮೂರು ಬೆಕ್ಕಿದ್ದರೆ ಇನ್ನೊಂದು ವಿಚಾರ. ಸಂದಿಯಲ್ಲಿಟ್ಟ ಟ್ರೇಗೆ ಜೋರಿನ ಬೆಕ್ಕು ದಾರಿಗಡ್ಡ ಮಲಗಿಬಿಟ್ಟರೆ ಪಾಪದ ಬೆಕ್ಕು ಒಳಗೆ ಹೋಗಲ್ಲ. ಬರಲು ಒಂದು, ಓಡಲು ಒಂದು ದಾರಿ ಇರುವ ಹಾಗೆ ಇಡಿ.

ಏನು ತುಂಬಬೇಕು

ಮನೆ ಕಟ್ಟಲು ರಸ್ತೆ ಬದಿ ಸುರಿದ ಮರಳಿನ ಗುಡ್ಡೆಗೆ ಓಣಿಯ ಬೆಕ್ಕುಗಳೆಲ್ಲ ಬರೋದು ನೋಡಿದ್ದೀರಲ್ವಾ? ಸಣ್ಣ ಕಣ, ಮೆತ್ತಗೆ, ಕೆರೆಯಲು ಸುಲಭ, ವಾಸನೆ ಇಲ್ಲ. ಬೆಕ್ಕಿಗೆ ಬೇಕಾದ್ದು ಅಷ್ಟೇ. ನಾವು ಏನೇ ತುಂಬಿದರೂ ಅದಕ್ಕೆ ಹತ್ತಿರ ಇರಬೇಕು.

ಪ್ಯಾಕೆಟ್ಟಿನಲ್ಲಿ ಸಿಗುವುದರಲ್ಲಿ ಗಟ್ಟಿಕಟ್ಟುವ ಬೆಂಟೊನೈಟ್ ಲಿಟರ್ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಉಚ್ಚೆ ಬಿದ್ದಲ್ಲಿ ಉಂಡೆಯಾಗುತ್ತದೆ, ಆ ಉಂಡೆ ಎತ್ತಿ ಹಾಕಿದರೆ ಉಳಿದದ್ದು ಒಣಗಿಯೇ ಇರುತ್ತದೆ. ಮಲ್ಲಿಗೆ, ಲ್ಯಾವೆಂಡರ್ ಅಂತ ವಾಸನೆ ಬೆರೆಸಿದ್ದು ಬೇಡ. ನಮಗೆ ಹಿತವಾದ ಘಮ ಬೆಕ್ಕಿಗೆ ತಲೆನೋವು. 5 ರಿಂದ 7 ಸೆಂ.ಮೀ. ಆಳ ತುಂಬಿ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಡಬ್ಬಿಗೆ 5 ಸೆಂ.ಮೀ. ತುಂಬಬೇಕಾದರೆ 12 ಲೀಟರ್ ಹಿಡಿಯುತ್ತದೆ, ಅಂದರೆ ತೂಕದಲ್ಲಿ ಸುಮಾರು ಹನ್ನೊಂದು ಹನ್ನೆರಡು ಕೆಜಿ. ಐದು ಕೆಜಿ ಪ್ಯಾಕೆಟ್ ತಂದು ತೆಳ್ಳಗೆ ಹರಡಿದರೆ ಉಚ್ಚೆ ತಳಕ್ಕೆ ಇಳಿದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಅಲ್ಲಿಂದಲೇ ವಾಸನೆ ಶುರು. ಮೂರು ತಿಂಗಳೊಳಗಿನ ಮರಿಗಳಿಗೆ ಮಾತ್ರ ಗಟ್ಟಿಕಟ್ಟುವ ಲಿಟರ್ ಹಾಕಬೇಡಿ. ಅವು ಬಾಯಿಗೆ ಹಾಕಿ ನೋಡುತ್ತವೆ, ನುಂಗಿದ್ದು ಹೊಟ್ಟೆಯಲ್ಲಿ ಉಬ್ಬುತ್ತದೆ.

ಈ ಬೆಂಟೊನೈಟ್ ಅನ್ನೋದು ನೀರು ತಾಗಿದರೆ ಉಬ್ಬುವ ಜೇಡಿ. ನಮ್ಮ ಎರೆ ಹೊಲಗಳ ಮಣ್ಣಿನಲ್ಲೂ ಇದೇ ಗುಂಪಿನ ಜೇಡಿ ಇದೆ. ಮಳೆ ಬಂದರೆ ಎರೆಮಣ್ಣು ಚಪ್ಪಲಿ ಬಿಡದ ಹಾಗೆ ಹಿಡಿಯುವುದು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು, ಎರಡೂ ಈ ಉಬ್ಬಿ ಕುಗ್ಗುವ ಗುಣದಿಂದಲೇ. ಹಾಗಾದರೆ ಹೊಲದಿಂದಲೇ ಒಂದು ಚೀಲ ತುಂಬಿ ತರಬಹುದಲ್ಲ ಅಂತ ಕೇಳುವವರಿದ್ದಾರೆ. ಬೇಡ. ಒದ್ದೆಯಾದರೆ ಉಂಡೆ ಕಟ್ಟುವ ಬದಲು ರಾಡಿಯಾಗಿ ಪಂಜಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಿನಂಥ ಹೆಂಟೆ, ಜೊತೆಗೆ ಹೊಲದ ಹುಳ, ಜಂತುವಿನ ಮೊಟ್ಟೆ, ಹೊಡೆದ ಔಷಧಿ ಎಲ್ಲ ಮನೆಗೆ ಬರುತ್ತದೆ.

ದುಡ್ಡಿನ ಲೆಕ್ಕ ನೋಡುವವರಿಗೆ ಹೊಳೆ ಮರಳು ಚೆನ್ನಾಗಿದೆ. ಜರಡಿ ಹಿಡಿದು ಕಲ್ಲು ತೆಗೆಯಿರಿ, ತೊಳೆಯಿರಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಇದು ಉಂಡೆ ಕಟ್ಟಲ್ಲ, ಉಚ್ಚೆ ತಳಕ್ಕೆ ಇಳಿಯುತ್ತದೆ. ಹಾಗಾಗಿ ಒದ್ದೆ ಭಾಗ ದಿನಾ ತೆಗೆದು ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಬಳಸಿದ್ದನ್ನು ತೊಳೆದು ಮತ್ತೆ ತುಂಬಬೇಡಿ. ಎಂ-ಸ್ಯಾಂಡ್ ಕೇಳಬೇಡಿ, ಕ್ರಷರ್ ಕಲ್ಲಿನ ಪುಡಿ ಚೂಪು, ಧೂಳೂ ಜಾಸ್ತಿ. ಸಾ ಮಿಲ್ಲಿನ ಕಟ್ಟಿಗೆ ಪುಡಿ ಚೆನ್ನಾಗಿ ಹೀರುತ್ತದೆ, ಆದರೆ ಜರಡಿ ಹಿಡಿದು ನವಿರು ಧೂಳು ತೆಗೆಯಬೇಕು, ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟು ಇರುತ್ತದೆ, ಅದು ಬೇಡವೇ ಬೇಡ. ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ರೈಸ್ ಮಿಲ್ಲಿನಲ್ಲಿ ಭತ್ತದ ಹೊಟ್ಟು ರಾಶಿ ರಾಶಿ ಸಿಗುತ್ತದೆ ನಿಜ. ಆದರೆ ಅದು ಉಚ್ಚೆ ಹೀರುವುದು ಕಡಿಮೆ, ಚುಚ್ಚುತ್ತದೆ, ಹಗುರವಾಗಿ ಮನೆ ತುಂಬ ಹಾರುತ್ತದೆ. ಬೇರೆ ಏನೂ ಸಿಗದಿದ್ದಾಗ ಒಂದೆರಡು ದಿನಕ್ಕೆ ಸರಿ. ಬೂದಿ ಯಾವುದೂ ಬೇಡ. ಒಲೆ ಬೂದಿ ಒದ್ದೆಯಾದರೆ ಕ್ಷಾರ, ಅಂಗಾಲು ಸುಡುತ್ತದೆ, ಕರೆಂಟ್ ಸ್ಥಾವರದ ಕಲ್ಲಿದ್ದಲ ಹಾರುಬೂದಿಯಾದರೆ ಉಸಿರಿಗೆ ಕೆಟ್ಟದ್ದು.

ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒಂದೇ ಸಲ ಬದಲಿಸಬೇಡಿ. ಹಳೆಯದರಲ್ಲಿ ಕಾಲು ಭಾಗ ಹೊಸದು, ಎರಡು ಮೂರು ದಿನ ಬಿಟ್ಟು ಅರ್ಧ, ಆಮೇಲೆ ಪೂರ್ತಿ.

ಕಲಿಸೋದು

ಕಲಿಸೋದು ಅಷ್ಟೇನಿಲ್ಲ. ಮರಿಗಳು ಮೂರು ನಾಲ್ಕು ವಾರಕ್ಕೇ ಕೆರೆಯಲು ಶುರು ಮಾಡುತ್ತವೆ. ಊಟ ಆದ ಮೇಲೆ, ನಿದ್ದೆಯಿಂದ ಎದ್ದ ಮೇಲೆ, ಆಟ ಆಡಿ ದಣಿದ ಮೇಲೆ ಟ್ರೇಯಲ್ಲಿ ಬಿಟ್ಟು ನೀವು ಸರಿದು ನಿಲ್ಲಿ. ಪಂಜ ಹಿಡಿದು ಕೆರೆಸಬೇಡಿ, ಹೆದರುತ್ತವೆ. ಹೊರಗೆ ಮಾಡಿದರೆ ಮೂಗು ಉಜ್ಜೋದು, ಹೊಡೆಯೋದು ಯಾವುದೂ ಬೇಡ. ಅದರಿಂದ ಬೆಕ್ಕು ಕಲಿಯೋದು ಒಂದೇ, ನಿಮ್ಮ ಕಣ್ಣಿಗೆ ಬೀಳದ ಹಾಗೆ ಮಂಚದ ಕೆಳಗೆ ಮಾಡಬೇಕು ಅಂತ.

ಓಣಿಯಲ್ಲಿ ಬೆಳೆದ ಬೆಕ್ಕನ್ನು ಮನೆಗೆ ತಂದಿದ್ದರೆ ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಟ್ರೇ, ನೀರು, ಊಟದ ಜೊತೆ ಇರಿಸಿ. ಅದು ಮೊದಲು ಹೋಗುತ್ತಿದ್ದ ಜಾಗದ ಮಣ್ಣು ಒಂದು ಹಿಡಿ ತಂದು ಲಿಟರ್ ಮೇಲೆ ಉದುರಿಸಿ. ಪರಿಚಯದ ಮಣ್ಣು ಕಂಡರೆ ಬೇಗ ಒಗ್ಗಿಕೊಳ್ಳುತ್ತದೆ.

ಬೆಕ್ಕು ಟ್ರೇಗೆ ಹೋಗುವುದನ್ನು ಒಮ್ಮೆ ದೂರದಿಂದ ಗಮನಿಸಿ. ಸಮಾಧಾನದಲ್ಲಿರುವ ಬೆಕ್ಕು ಮೂಸಿ ನೋಡುತ್ತದೆ, ಒಳಗಿಳಿದು ಗುಂಡಿ ತೋಡುತ್ತದೆ, ಕೂರುತ್ತದೆ, ತಿರುಗಿ ಮೂಸಿ ಮುಚ್ಚುತ್ತದೆ. ಬೇಸರದಲ್ಲಿರುವ ಬೆಕ್ಕು ಮುಂದಿನ ಎರಡು ಕಾಲು ಟ್ರೇಯ ಅಂಚಿನ ಮೇಲಿಟ್ಟು ತುದಿಯಲ್ಲೇ ಕೂರುತ್ತದೆ, ಪಂಜ ಒದರಿಕೊಳ್ಳುತ್ತದೆ, ಮರಳು ಬಿಟ್ಟು ಪಕ್ಕದ ಗೋಡೆ ಕೆರೆಯುತ್ತದೆ, ಮುಚ್ಚದೆ ಓಡುತ್ತದೆ. ಇವತ್ತು ಹೀಗೆ ಮಾಡಿದ ಬೆಕ್ಕು ಕೆಲವೇ ದಿನಗಳಲ್ಲಿ ಟ್ರೇ ಬಿಟ್ಟು ಹೊರಗೆ ಹೋಗಬಹುದು. ಆ ಹೊತ್ತಿಗೇ ಲಿಟರ್, ಜಾಗ, ಸ್ವಚ್ಛತೆ ನೋಡಿಕೊಂಡರೆ ಹಾಸಿಗೆ ಉಳಿಯುತ್ತದೆ.

ದಿನದ ಕೆಲಸ, ಬೇಸಿಗೆಯ ಕೆಲಸ

ದಿನಕ್ಕೆ ಎರಡು ಸಲ ಸೋಸಿ, ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಬೇಸಿಗೆಯಲ್ಲಿ ಸಂಜೆ ಇನ್ನೊಂದು ಸಲ. ಒಂದೆರಡು ನಿಮಿಷದ ಕೆಲಸ. ಎಷ್ಟು ಎತ್ತಿ ಹಾಕಿದ್ದೀರೋ ಅಷ್ಟು ಹೊಸ ಲಿಟರ್ ಸೇರಿಸಿ ಆಳ ಕಾಪಾಡಿ. ಸೋಸುವಾಗ ಲೆಕ್ಕ ಇಡಿ: ಆರೋಗ್ಯದ ಬೆಕ್ಕಿಗೆ ದಿನಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಉಚ್ಚೆ ಉಂಡೆ, ಒಂದೆರಡು ಸಲ ಕಕ್ಕ. ಉಂಡೆ ಏಕಾಏಕಿ ದೊಡ್ಡದಾದರೂ, ಗೋಲಿಯಷ್ಟು ಸಣ್ಣದಾದರೂ, ಒಂದೂ ಇಲ್ಲದಿದ್ದರೂ ಅದು ವೈದ್ಯರಿಗೆ ಹೇಳಬೇಕಾದ ವಿಷಯ. ಬೆಂಟೊನೈಟ್ ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಟ್ರೇ ತೊಳೆಯಿರಿ.

ನೀರಿನ ಅಭಾವಕ್ಕೆ ಒಂದು ಉಪಾಯ ಇದೆ. ನಳ ಬರುವ ದಿನವೇ ಟ್ರೇ ತೊಳೆಯುವ ದಿನ ಅಂತ ಇಟ್ಟುಕೊಳ್ಳಿ. ಹಳೆ ಪೇಪರಿನಿಂದ ತಳ ಒರೆಸಿ, ಅರ್ಧ ಚಮಚ ಪಾತ್ರೆ ಸೋಪು ಹಾಕಿ ಉಜ್ಜಿ, ಎರಡು ಚೊಂಬು ನೀರಲ್ಲಿ ತೊಳೆಯಬಹುದು. ಆಮೇಲೆ ಮಾಳಿಗೆಯ ಬಿಸಿಲಿಗೆ ಬೋರಲು ಹಾಕಿ. ನಮ್ಮ ಬಿಸಿಲಿಗೆ ಬೇಗ ಗರಿಗರಿ ಒಣಗುತ್ತದೆ, ವಾಸನೆಯೂ ಹೋಗುತ್ತದೆ. ಒಂದು ಟ್ರೇ ಜಾಸ್ತಿ ಇದ್ದರೆ ಒಂದು ಒಣಗುವಾಗ ಇನ್ನೊಂದು ಬಳಕೆಯಲ್ಲಿರುತ್ತದೆ. ಪ್ಲಾಸ್ಟಿಕ್ಕಿನ ತಳದಲ್ಲಿ ಗೀರು ತುಂಬಿ ತೊಳೆದರೂ ವಾಸನೆ ಹೋಗದಿದ್ದರೆ ಟ್ರೇ ಬದಲಿಸಿ.

ಫಿನಾಯಿಲ್ ಬೇಡ, ಇದನ್ನು ಜೋರಾಗಿ ಹೇಳುತ್ತೇನೆ. ಕರಿ ಫಿನಾಯಿಲ್, ಡೆಟಾಲ್ ತರಹದ ದ್ರಾವಣಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ತುಂಬಾ ಕಡಿಮೆ. ನೆಲದ ಮೇಲೆ ನಡೆದು ಪಂಜ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಬಿಳಿ ಫಿನಾಯಿಲ್ಲಿನ ಪೈನ್ ಎಣ್ಣೆಯೂ ಒಳ್ಳೆಯದಲ್ಲ. ಉಚ್ಚೆ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪುಡಿ ಸುರಿಯುವುದು ಇನ್ನೂ ಅಪಾಯ, ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತದೆ, ನಿಮಗೂ ಕೆಮ್ಮು ಹಿಡಿಯುತ್ತದೆ. ಟ್ರೇ ಪಕ್ಕ ಡಾಂಬರ್ ಗುಳಿಗೆ ಇಡುವುದೂ ವಿಷವೇ.

ಎತ್ತಿದ್ದನ್ನು ಪೇಪರಿನಲ್ಲಿ ಸುತ್ತಿ, ಕವರಿನಲ್ಲಿ ಕಟ್ಟಿ, ಹಸಿ ಕಸಕ್ಕೆ ಬೆರೆಸದೆ ಕಸದ ಗಾಡಿಗೆ ಕೊಡಿ. ಕಕ್ಕಸಿನ ಗುಂಡಿಗೆ ಹಾಕಿದರೆ ಬೆಂಟೊನೈಟ್ ಉಬ್ಬಿ ಪೈಪು ಕಟ್ಟುತ್ತದೆ. ಗಟಾರಕ್ಕೆ ಎಸೆಯಬೇಡಿ, ಮಕ್ಕಳು ಆಡುವ ಖಾಲಿ ಸೈಟಿಗೂ ಬೇಡ, ಸೊಪ್ಪು ತರಕಾರಿ ಬೆಳೆಯುವ ಪಾತಿಗೂ ಬೇಡ.

ಬೇಸಿಗೆಯಲ್ಲಿ ಟ್ರೇಗಿಂತ ಮೊದಲು ನೀರು ನೋಡಿ. ಬೆಕ್ಕಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50 ಮಿ.ಲೀ. ನೀರು ಬೇಕು, ಊಟದಲ್ಲಿರುವ ನೀರೂ ಸೇರಿ. ನಾಲ್ಕು ಕೆಜಿ ಬೆಕ್ಕಿಗೆ 200 ಮಿ.ಲೀ. ಬರೀ ಒಣ ಕಾಳಿನ ಆಹಾರದಲ್ಲಿ ನೀರು ನೂರಕ್ಕೆ ಹತ್ತು ಭಾಗದಷ್ಟು, ಒದ್ದೆ ಆಹಾರದಲ್ಲಿ ಎಪ್ಪತ್ತೈದರ ಮೇಲೆ. ಮನೆಯಲ್ಲಿ ಮೂರು ನಾಲ್ಕು ಕಡೆ ನೀರಿಡಿ, ಮಣ್ಣಿನ ಬಟ್ಟಲಾದರೆ ತಣ್ಣಗಿರುತ್ತದೆ. ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿಯ ನೀರನ್ನು ಊಟಕ್ಕೆ ಬೆರೆಸಿ.

ಬಸುರಿ ಇರುವ ಮನೆ

ಹೆಣ್ಣುಮಗಳು ಬಸುರಿ ಅಂತ ಗೊತ್ತಾದ ಕೂಡಲೇ "ಬೆಕ್ಕು ಬಿಟ್ಟು ಬಾ" ಅನ್ನುತ್ತಾರೆ. ಹೊಟ್ಟೆಯ ಕೂಸಿಗೆ ಕೇಡು ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿಯ ಭಯ ಅದು, ಭಯ ಸುಳ್ಳಲ್ಲ. ಆದರೆ ಸೋಂಕಾದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಅದನ್ನು ಬಿಡುತ್ತದೆ, ಬಿದ್ದ ಮೇಲೆ ಅದು ಅಂಟುವ ಸ್ಥಿತಿಗೆ ಬರಲು 1 ರಿಂದ 5 ದಿನ ಬೇಕು. ದಿನಾ ಸೋಸಿದರೆ ಅಪಾಯ ಎಷ್ಟೋ ತಗ್ಗುತ್ತದೆ. ಬಸುರಿ ಟ್ರೇ ಮುಟ್ಟದಿರಲಿ, ಮನೆಯ ಬೇರೆಯವರು ಮಾಡಲಿ. ಯಾರೂ ಇಲ್ಲದಿದ್ದರೆ ಗ್ಲೌಸ್ ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ. ಅರೆಬೆಂದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಇದು ಮನುಷ್ಯರಿಗೆ ಬರುತ್ತದೆ ಅನ್ನೋದನ್ನೂ ಮನೆಯವರಿಗೆ ಹೇಳಿ.

ಟ್ರೇ ಬಿಟ್ಟು ಹೊರಗೆ ಮಾಡತೊಡಗಿದರೆ

ಮೊದಲು ಮೈ ನೋಡಿ. ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಕೂತು ಮುಕ್ಕರಿಯುತ್ತಿದೆ, ಒಂದೆರಡು ಹನಿ ಬರುತ್ತದೆ ಅಥವಾ ಏನೂ ಬರಲ್ಲ, ಕೂಗುತ್ತದೆ, ಕೆಳಗೆ ನೆಕ್ಕಿಕೊಳ್ಳುತ್ತಲೇ ಇದೆ ಅಂದರೆ ಮೂತ್ರದ ದಾರಿ ಕಟ್ಟಿರಬಹುದು. ಇದು ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಓಡಬೇಕಾದ ವಿಷಯ, ಬಿಟ್ಟರೆ ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾ ಕೂರಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ. ನಮ್ಮ ಕಡೆ ದನ, ಎಮ್ಮೆ, ಕುರಿ ನೋಡುವ ವೈದ್ಯರೇ ಜಾಸ್ತಿ. ಬೆಕ್ಕಿಗೆ ಕ್ಯಾತಿಟರ್ (ಮೂತ್ರದ ದಾರಿಗೆ ತೂರಿಸುವ ಸಣ್ಣ ನಳಿಗೆ) ಹಾಕಿ ಅಭ್ಯಾಸ ಇರುವವರು ಯಾರು, ಭಾನುವಾರ ಯಾರು ಸಿಗುತ್ತಾರೆ ಅಂತ ಬೆಕ್ಕು ಚೆನ್ನಾಗಿರುವಾಗಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.

ಮೈ ಸರಿ ಇದೆ ಅಂದ ಮೇಲೆ, ಬೆಕ್ಕು ಹೇಗೆ ಮಾಡುತ್ತಿದೆ ನೋಡಿ. ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತಾ ಗೋಡೆಗೆ, ಪರದೆಗೆ ಸಿಡಿಸಿದರೆ ಅದು ತನ್ನ ಸೀಮೆಯ ಗುರುತು. ಕಿಟಕಿಯಾಚೆ ಬೇರೆ ಬೆಕ್ಕು ಸುಳಿಯುತ್ತಿರಬಹುದು. ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹುಪಾಲು ಗಂಡು ಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ. ಕೂತು ನೆಲಕ್ಕೆ, ಹಾಸಿಗೆಗೆ ಹೊಯ್ದರೆ ಟ್ರೇ ಕಡೆ ತಿರುಗಿ: ಸೋಸಿ ಎಷ್ಟು ಹೊತ್ತಾಯಿತು, ಲಿಟರ್ ಬದಲಾಯಿತಾ, ಜಾಗ ಬದಲಾಯಿತಾ, ಯಾರಾದರೂ ದಾರಿ ಕಟ್ಟುತ್ತಿದ್ದಾರಾ? ಇದಾವುದೂ ಇಲ್ಲದಿದ್ದರೆ ಮನೆ ನೋಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಮನೆ ತುಂಬ ನೆಂಟರು ಬಂದು ಟ್ರೇ ಇದ್ದ ಕೋಣೆಯಲ್ಲೇ ಹಾಸಿಗೆ ಹಾಸಿದರೆ ಬೆಕ್ಕು ಎಲ್ಲಿಗೆ ಹೋಗಬೇಕು? ದೀಪಾವಳಿ ಪಟಾಕಿ, ಹೊಸ ಕೂಸು, ಗೋಡೆಗೆ ಹೊಸ ಬಣ್ಣ, ಇವೂ ಸಾಕು. ಅಂಥ ದಿನಗಳಲ್ಲಿ ಒಂದು ಸದ್ದಿಲ್ಲದ ಮೂಲೆ, ಒಂದು ಹೆಚ್ಚಿನ ಟ್ರೇ ಅದಕ್ಕಂತಲೇ ಬಿಟ್ಟುಕೊಡಿ.

ಕಲೆ, ವಾಸನೆ ತೆಗೆಯುವುದು

ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ಮತ್ತೆ ಬರುತ್ತದೆ, ನಮ್ಮ ಮೂಗಿಗೆ ಹೋಗಿದೆ ಅನ್ನಿಸಿದರೂ. ಹಸಿ ಇದ್ದಾಗಲೇ ಹಳೆ ಬಟ್ಟೆ ಒತ್ತಿ ಹೀರಿಸಿ, ಉಜ್ಜಿದರೆ ಹರಡುತ್ತದೆ. ಆಮೇಲೆ ಎಂಜೈಮ್ ಕ್ಲೀನರ್ (ವಾಸನೆಗೆ ಕಾರಣವಾದ ಅಂಶವನ್ನೇ ಒಡೆದು ಹಾಕುವ ದ್ರಾವಣ) ಹಾಕಿ, ಆನ್‌ಲೈನಿನಲ್ಲಿ ಸಿಗುತ್ತದೆ. ಸುರಿದ ಕೂಡಲೇ ಒರೆಸಬೇಡಿ, ಡಬ್ಬಿ ಮೇಲೆ ಹೇಳಿದಷ್ಟು ಹೊತ್ತು ಒದ್ದೆಯಾಗಿ ಇರಬೇಕು. ಫ್ಯಾನ್ ಹಾಕಿ ಬೇಗ ಒಣಗಿಸಿದರೆ ಅದು ಕೆಲಸ ಮಾಡಲ್ಲ.

ಅದು ಸಿಗದಿದ್ದರೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಒರೆಸಿ, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು ಗುಡಿಸಿ. ಟೈಲ್ಸಿಗೆ, ಬಟ್ಟೆಗೆ ಇದು ಸರಿ. ಆದರೆ ನಮ್ಮ ಎಷ್ಟೋ ಮನೆಗಳ ನೆಲ ಶಹಾಬಾದ್ ಕಲ್ಲು ಇಲ್ಲವೇ ಕಡಪ ಕಲ್ಲಿನದು. ಎರಡೂ ಸುಣ್ಣಕಲ್ಲು, ವಿನೆಗರ್ ತಾಗಿದರೆ ಹೊಳಪು ತಿಂದು ಬಿಳಿ ಮಚ್ಚೆ ಬೀಳುತ್ತದೆ. ಅಲ್ಲಿಗೆ ಸೋಪು ನೀರು, ಆಮೇಲೆ ಎಂಜೈಮ್ ಮಾತ್ರ. ಕಲ್ಲಿನ ಸಂದುಗಳಲ್ಲಿ ಉಚ್ಚೆ ಇಳಿದು ಕೂತಿರುತ್ತದೆ, ಸಂದಿಗೆ ಚೆನ್ನಾಗಿ ಹೊಯ್ಯಿರಿ, ಸಂದು ಬಿಟ್ಟಿದ್ದರೆ ಸಿಮೆಂಟ್ ತುಂಬಿಸಿ.

ಹತ್ತಿ ಗಾದಿಗೆ ಆಗಿದ್ದರೆ ಹೊದಿಕೆ ತೆಗೆದು ಎಂಜೈಮ್ ಒಳಗಿನವರೆಗೆ ಇಳಿಯುವ ಹಾಗೆ ಹಾಕಿ, ಅದರ ಕೆಲಸ ಮುಗಿದ ಮೇಲೆ ಮಾಳಿಗೆ ಬಿಸಿಲಿಗೆ ಎರಡೂ ಮಗ್ಗುಲು ಒಣಗಿಸಿ. ವಾಪಸ್ ಹಾಕಿದ ಮೇಲೆ ಕೆಲವು ದಿನ ನೀರು ಇಳಿಯದ ಹೊದಿಕೆ ಹಾಕಿ, ಬೆಕ್ಕು ಹೊಯ್ದಿದ್ದ ಜಾಗದಲ್ಲಿ ಅದರ ಊಟದ ಬಟ್ಟಲು ಇಡಿ. ಉಣ್ಣುವ ಜಾಗದಲ್ಲಿ ಬೆಕ್ಕು ಸಾಮಾನ್ಯವಾಗಿ ಉಚ್ಚೆ ಮಾಡಲ್ಲ. ಅದೇ ಕೋಣೆಯಲ್ಲಿ, ಊಟದ ಬಟ್ಟಲಿನಿಂದ ದೂರ, ಒಂದು ಟ್ರೇ ಇಟ್ಟು, ಅದನ್ನೇ ಬಳಸತೊಡಗಿದ ಮೇಲೆ ದಿನಕ್ಕೆ ಒಂದು ಗೇಣಿನಷ್ಟು ಸರಿಸುತ್ತಾ ನಿಮಗೆ ಬೇಕಾದ ಮೂಲೆಗೆ ಒಯ್ಯಿರಿ.